ಆಯುಧ ಪೂಜೆಗೆ ರಜೆ ಪಡೆದ ಕಪ್ಪುಕುಳಿ

ಕೋಪ ಬಂದಾಗ ಹತ್ತರವರೆಗೆ ಎಣಿಸಬೇಕಂತೆ. ಈ ಉಪದೇಶ ಕೊಟ್ಟವರ ಮನೆಯಲ್ಲಿ ಹನ್ನೊಂದು ದಿನದ ಲೆಕ್ಕವನ್ನು ಯಾರೂ ಒಂದೇ ಬೆರಳಿನಿಂದ ಸ್ವಿಚ್ ಒತ್ತಿ ಅಳಿಸಿರಲಿಕ್ಕಿಲ್ಲ. ನನಗಂತೂ ಎರಡು ಎನ್ನುವಷ್ಟರಲ್ಲೇ ಪಿತ್ತ ನೆತ್ತಿಗೇರಿತ್ತು. ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಕಸುಬು ಸ್ವಲ್ಪ ವಿಚಿತ್ರ. ನಕ್ಷತ್ರಗಳನ್ನು ಕಂಪ್ಯೂಟರಿನೊಳಗೆ ಡಿಕ್ಕಿ ಹೊಡೆಸುತ್ತೇನೆ. ಒಂದು ಕಡೆ ಕಪ್ಪುಕುಳಿ, ಇನ್ನೊಂದು ಕಡೆ ನ್ಯೂಟ್ರಾನ್ ನಕ್ಷತ್ರ. ಅದು ಕಲ್ಯಾಣದಿಂದ ಠಾಣೆಗಿರುವ ಇಪ್ಪತ್ತು ಕಿಲೋಮೀಟರಿನಷ್ಟೇ ಅಗಲ, ಭಾರ ಮಾತ್ರ ಸೂರ್ಯನಿಗಿಂತ ಹೆಚ್ಚು. ಸಂಜೆಯ ತುಂಬಿದ ಲೋಕಲ್ ರೈಲಿನಲ್ಲಿ ಅದೇ ದಾರಿಯನ್ನು ನಿಂತು ಕಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಇವೆರಡೂ ಸುತ್ತಿ ಸುತ್ತಿ ಒಂದಾಗುವುದನ್ನು ನೂರು ವರ್ಷದ ಹಳೆಯ ಗುರುತ್ವ ಸಿದ್ಧಾಂತ ಚೆನ್ನಾಗಿಯೇ ವಿವರಿಸುತ್ತದೆ. ಆದರೆ ಆ ಸಿದ್ಧಾಂತವೇ ತುಸು ತಪ್ಪಿದ್ದರೆ? ಬೇರೊಂದು ಗುರುತ್ವದಲ್ಲಿ ಈ ಡಿಕ್ಕಿ ಹೇಗಿರುತ್ತದೆ ಎಂದು ನೋಡುವುದೇ ನನ್ನ ಪಿಎಚ್‌ಡಿ. ನಲವತ್ತೆರಡನೇ ವಯಸ್ಸಿನಲ್ಲಿ ಪಿಎಚ್‌ಡಿ ಎಂದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ. ದಸರೆ ಕಳೆದ ಸೋಮವಾರ ಒಂದು ಸಣ್ಣ ನಮೂನೆ ಓಡಿಸಿ ಫಲಿತಾಂಶ ತೋರಿಸಿದರೆ ದೊಡ್ಡ ಕಂಪ್ಯೂಟರಿನಲ್ಲಿ ನನಗೆ ಸಮಯ ಸಿಗುವುದಿತ್ತು, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಅದಕ್ಕಾಗಿ ಠಾಣೆಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿಯ ಪಕ್ಕ, ಲ್ಯಾಬಿನ ಹಳೆಯ ಕಂಪ್ಯೂಟರ್ ಹಗಲಿರುಳು ಗುಂಯ್‌ಗುಡುತ್ತಿತ್ತು.

ಅದು ಓಡತೊಡಗಿದ ಹನ್ನೊಂದನೇ ದಿನ ಆಯುಧ ಪೂಜೆ. ಮಾವನವರು ಉಡುಪಿ ಕಡೆಯವರು, ಇಲ್ಲಿನ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲು ನಡೆಸಿ ಈಗ ಮನೆಯಲ್ಲಿದ್ದಾರೆ. ನಾನು ಬಾಳೆಹಣ್ಣು ತಂದು ಬಾಗಿಲು ತೆರೆಯುವಷ್ಟರಲ್ಲಿ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಸ್ಕೂಟರಿನ ಕೀಲಿ ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಕಂಪ್ಯೂಟರಿಗೂ ಬಿದ್ದಿತ್ತು. ಗುಂಯ್ ಎಂಬ ಸದ್ದಿರಲಿಲ್ಲ.

“ಮಾವಾರ, ಇದನ್ಯಾಕ ಬಂದ್ ಮಾಡಿದ್ರಿ?” ಸಿಟ್ಟು ಬಂದರೆ ನನ್ನ ಬಾಯಿ ಸೀದಾ ಧಾರವಾಡಕ್ಕೆ ಹೋಗುತ್ತದೆ.

“ಆಯುಧ ಪೂಜೆ ಅಲ್ವಾ ಮಾರಾಯ್ತಿ? ಇವತ್ತೊಂದು ದಿನ ಮಿಷನಿಗೆ ರೆಸ್ಟ್ ಕೊಡ್ಬೇಕು. ಹೋಟೆಲಲ್ಲಿ ನಾನು ಗ್ರೈಂಡರ್ ಸಹ ಬಂದ್ ಇಡ್ತಿದ್ದೆ. ನಾಳೆ ಪುನಃ ಹಾಕಿದ್ರಾಯ್ತು.”

ನಾಳೆ ಪುನಃ ಹಾಕಲು ಅದೇನು ಉದ್ದಿನ ಹಿಟ್ಟೇ? “ಸಂಜೀಕ ನಕ್ಷತ್ರ ಕುಳಿಯೊಳಗ ಬೀಳೂದಿತ್ತರೀ!” ಎಂದು ಕಿರುಚಿದೆ.

“ಹಬ್ಬದ ದಿನ ಬೀಳುವುದು ಬೇಡ ಬಿಡು,” ಎಂದು ಅವರು ಸಮಾಧಾನ ಹೇಳಿದರು.

ಗಂಡ ಒಳಗಿನಿಂದಲೇ, “ಛೋಡ್ ನಾ, ಅಪ್ಪನಿಗೇನು ಗೊತ್ತು? ಅದು ಸೇವ್ ಆಗಿರ್ತದಲ್ಲ?” ಎಂದ. ಆಗಿರುತ್ತಿತ್ತು. ಡಿಸ್ಕ್ ತುಂಬುತ್ತದೆಂದು ಆ ಏರ್ಪಾಡನ್ನು ನಿಲ್ಲಿಸಿದವಳು ನಾನೇ. ಸರಿಯಾದ ಪ್ರಶ್ನೆ ಕೇಳಿದನಲ್ಲ ಎಂದು ಅವನ ಮೇಲೂ ಸಿಟ್ಟು ಬಂತು. ಮಗಳು ಬೇರೆ, “ಆಯೀ, ತುಝಾ ಬ್ಲ್ಯಾಕ್ ಹೋಲ್ ಬಂದ್ ಪಡ್ಲಾ?” ಎಂದು ಮರಾಠಿಯಲ್ಲಿ, ಅಮ್ಮನ ಕಪ್ಪುಕುಳಿ ಕೆಟ್ಟು ನಿಂತಿತೇ ಎಂದು ಕೇಳಿ ಕಿಸಕ್ಕನೆ ನಕ್ಕಳು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಪಾಯಸಕ್ಕಿಂತ ಪಾತ್ರೆಗಳ ಸದ್ದೇ ಹೆಚ್ಚಾಯಿತು. ಮಾವನವರು ತಲೆ ತಗ್ಗಿಸಿ ಉಂಡರು.

ಸೋಮವಾರ ಗೈಡ್ ಎದುರು ಬರಿಗೈಯಲ್ಲಿ ನಿಂತು, ಎಲ್ಲವನ್ನೂ ಮಾವನವರ ತಲೆಗೆ ಕಟ್ಟಿದೆ. ಪಾಪ ಎಂದು ಮರುಗಿ ಗೈಡ್ ಎರಡು ವಾರ ಹೆಚ್ಚು ಕೊಟ್ಟರು. ಮತ್ತೆ ಶುರು ಮಾಡಲು ಹಳೆಯ ಫೈಲ್ ತೆರೆದೆ. ಹೊಸ ಗುರುತ್ವ ಎಷ್ಟು ಬೆರೆಯಬೇಕು ಎಂದು ಹೇಳುವ ಒಂದು ಸಂಖ್ಯೆ ಅದರಲ್ಲಿರುತ್ತದೆ. ಪ್ರೋಗ್ರಾಂ ಪರೀಕ್ಷಿಸಲೆಂದು ಅಲ್ಲಿ ಸೊನ್ನೆ ಬರೆದಿದ್ದೆ, ತಿದ್ದಲು ಮರೆತಿದ್ದೆ. ಸೊನ್ನೆ ಎಂದರೆ ಹಳೆಯ ಸಿದ್ಧಾಂತವೇ. ಹನ್ನೊಂದು ದಿನ ಆ ಯಂತ್ರ ಜಗತ್ತಿಗೇ ಗೊತ್ತಿರುವುದನ್ನು ರುಬ್ಬುತ್ತಿತ್ತು, ನಡುವೆ ನಿಲ್ಲದಿದ್ದರೆ ಅದನ್ನೇ ನಾನು ಹೊಸ ಗುರುತ್ವ ಎಂದು ಎಲ್ಲರೆದುರು ಬಡಿಸಿ ಬರುತ್ತಿದ್ದೆ. ನನ್ನ ಮಾನ ಉಳಿಸಿದವರು ಮಾವನವರು.

ಹೇಳಿಬಿಡಬೇಕೆಂದು ಎದ್ದೆ. ಅವರು ಕಂಪ್ಯೂಟರಿನ ಸ್ವಿಚ್ಚಿಗೆ ಯಾರ ಕೈಯೂ ತಾಗದಂತೆ ಪಾರ್ಸೆಲ್ ಡಬ್ಬಿಯೊಂದನ್ನು ಕವುಚಿ ಟೇಪು ಅಂಟಿಸುತ್ತಿದ್ದರು.

“ಇನ್ನು ಅದರ ಹತ್ರ ಸಹ ಹೋಗುವುದಿಲ್ಲ ಮಗಾ. ನಂದೇ ತಪ್ಪು,” ಎಂದರು.

ಸೊನ್ನೆಯ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. “ಇರ್ಲಿ ಬಿಡ್ರಿ ಮಾವಾರ,” ಎಂದೆ ದೊಡ್ಡ ಮನಸ್ಸು ಮಾಡಿ, “ಈ ಸಲ ಮಾಫ್ ಮಾಡೇನಿ.”