ಬ್ಯಾಟರಿ ಇಲ್ಲದ ಕ್ಯಾಮೆರಾ, ನಂಬಿಕೆ ಇಲ್ಲದ ಅಳಿಯ

ನನ್ನಲ್ಲಿ ಎರಡು ರೀಲ್ ಕ್ಯಾಮೆರಾಗಳಿವೆ. ಒಂದು ಬ್ಯಾಟರಿಯದು. ಇನ್ನೊಂದು ಪೂರ್ತಿ ಸ್ಪ್ರಿಂಗು, ಚಕ್ರಗಳದ್ದು. ಇಂಥ ಆಸ್ತಿವಂತನಿಗೆ ಹೆಂಡತಿಯ ತವರೂರು ಸಾಸಲಿನಿಂದ ಮಾವನವರ ಫೋನು ಬಂತು.

"ಟ್ರ್ಯಾಕ್ಟರ್ ಬಂತಲ್ಲ, ಎತ್ತು ಕೊಟ್ಬಿಟ್ಟೆ ಅಳಿಯಂದ್ರೇ. ಭಾನುವಾರ ಟೆಂಪೋ ಬತ್ತದೆ. ಅಷ್ಟ್ರೊಳಗೆ ಹೊಲದಲ್ಲಿ ನಿಲ್ಸಿ ಜೋಡೀದು ಒಂದು ಫೋಟೋ ತೆಗ್ದುಕೊಡಿ. ಗೋಡೆಗೆ ಹಾಕ್ಕೋತೀನಿ."

ಒಂದು ಫೋಟೋ ತಾನೇ! ಒಪ್ಪಿಕೊಂಡೆ. ಆಮೇಲೆ ಯೋಚನೆ ಹತ್ತಿತು: ಯಾವ ಕ್ಯಾಮೆರಾ?

ಬ್ಯಾಟರಿಯದು ಬೆಳಕನ್ನು ತಾನೇ ಅಳೆದು, ನನ್ನನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡುತ್ತದೆ. ನಮ್ಮನೆಯಲ್ಲಿ ಆ ಕೆಲಸಕ್ಕೆ ಆಗಲೇ ಒಬ್ಬರಿದ್ದಾರೆ. ಮೇಲಾಗಿ ಹೊಲದ ನಡುವೆ ಬ್ಯಾಟರಿ ಸತ್ತರೆ? ಹೊಸದೆಂದು ಕೊಟ್ಟ ಬ್ಯಾಟರಿ ಹಳೆಯದಾಗಿದ್ದರೆ? ಸುದೀರ್ಘ ಪರಾಮರ್ಶೆಯ ನಂತರ ಅದನ್ನು ಸೇವೆಯಿಂದ ಬಿಡುಗಡೆಗೊಳಿಸಲಾಯಿತು.

"ಫೋನಲ್ಲೇ ತೆಗೀರೀ," ಎಂದಳು ಹೆಂಡತಿ ಮಂಜುಳ, ನನಗಿಂತ ಒಂದು ದಿನ ಮೊದಲೇ ತವರಿಗೆ ಹೊರಡುತ್ತಾ.

"ಗೋಡೆಗೆ ಹಾಕೋ ಫೋಟೋ ಕಣೇ ಅದು!"

ಸ್ಪ್ರಿಂಗ್ ಕ್ಯಾಮೆರಾಕ್ಕೆ ಯಾರ ಹಂಗೂ ಇಲ್ಲ. ಆದರೂ ಅದರ ಮೇಲೆ ಒಂದು ಸಣ್ಣ ಅನುಮಾನ. ಪರೀಕ್ಷೆಗೆಂದು ಮನೆಯಿಂದಲೇ ಶುರುಮಾಡಿ, ಬಸ್‌ಸ್ಟ್ಯಾಂಡು, ದಾರಿಯ ರಾಗಿ ಹೊಲ, ಎಲ್ಲ ತೆಗೆಯುತ್ತಾ ಹೋದೆ. ಎತ್ತುಗಳ ಮುಂದೆ ನಿಂತಾಗ ರೀಲು ತುದಿಗೆ ಬಂದಿತ್ತು.

ಕೋಡಿಗೆ ಎಣ್ಣೆ, ಕೊರಳಿಗೆ ಗಂಟೆ. ನಡುವೆ ಬಿಳಿ ಪಂಚೆಯ ಮಾವ. ಉಳಿದಷ್ಟೂ ಅವರಿಗೇ ಖರ್ಚು ಮಾಡಿದೆ. ರೀಲು ಮುಗಿಯಿತು.

"ಎಲ್ಲಿ, ತೋರ್ಸಿ?" ಎಂದರು ಮಾವ.

"ಇದ್ರಲ್ಲಿ ಕಾಣಲ್ಲ ಮಾವ. ರೀಲು ತೊಳೆಸ್ಬೇಕು."

"ಮತ್ತೆ ಫೋಟೋ ಬಿದ್ದೈತೆ ಅಂತ ನಿಮಗೆ ಹೆಂಗ್ ಗೊತ್ತು?"

ಹೌದಲ್ಲ! ಒಳಗೆ ರೀಲು ಸುತ್ತಿದೆ ಎನ್ನುವುದಕ್ಕೆ ಏನು ಆಧಾರ? ಅಷ್ಟರಲ್ಲಿ ಎತ್ತು ಕೊಂಡವನು ಟೆಂಪೋ ಜೊತೆ ಬಂದ. ವ್ಯಾಪಾರ ಎಂದೋ ಮುಗಿದಿದ್ದರೂ, ಎತ್ತಿನ ಬಾಯಿ ಬಿಡಿಸಿ ಮತ್ತೊಮ್ಮೆ ಹಲ್ಲು ನೋಡಿದ. ಎಂಥ ವಿವೇಕ! ನಾನೂ ಕ್ಯಾಮೆರಾದ ಹಿಂಬದಿ ಮುಚ್ಚಳ ತೆರೆದೆ.

ರೀಲು ಸುತ್ತಿತ್ತು. ಬಹಳ ಅಚ್ಚುಕಟ್ಟಾಗಿ ಸುತ್ತಿತ್ತು. ಅದರ ಮೇಲೆ ಸಾಸಲಿನ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು!

"ಅಯ್ಯೋ, ಬೆಳಕು ಬಿತ್ತು! ಫೋಟೋ ಎಲ್ಲಾ ಹೋಯ್ತು!" ಎಂದು ಕೂಗಿದೆ.

"ಹಲ್ಲು ನೋಡೋದು ಎತ್ತಿಗೆ, ಕ್ಯಾಮೆರಾಗಲ್ಲ ಅಳಿಯಂದ್ರೇ!"

ಹೊಸ ರೀಲು ತೊಡಿಸುವಷ್ಟರಲ್ಲಿ ಎತ್ತುಗಳು ಟೆಂಪೋ ಹತ್ತಿ ಹೊರಟೇಬಿಟ್ಟವು. ಹೊಲದ ಅಂಚಿನ ಮನೆಯಿಂದ ಓಡಿಬಂದ ಮಂಜುಳ, "ನಿಮ್ಮ ಜೇಬಲ್ಲಿ ಫೋನಿತ್ತಲ್ರೀ!" ಎಂದಾಗ ಟೆಂಪೋ ಕೆರೆ ಏರಿ ದಾಟಿತ್ತು. ಮಾವ ಎತ್ತುಗಳ ಹಳೇ ಹಗ್ಗ ಸುತ್ತಿಕೊಳ್ಳುತ್ತಾ ನಿಂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎತ್ತುಗಳ ಒಂದಾದರೂ ಫೋಟೋ ಬದುಕಿರಬಹುದೆಂದು, ಇಬ್ಬರೂ ಮನೆಗೆ ಮರಳುವ ದಾರಿಯಲ್ಲೇ ಸ್ಟುಡಿಯೋದಲ್ಲಿ ರೀಲು ತೊಳೆಸಿದೆ. ಬದುಕಿದ್ದು ಸುರುಳಿಯ ತೀರಾ ಒಳಗಿದ್ದ ಮೊದಲನೆಯದು ಮಾತ್ರ: ಹೊರಡುವಾಗ, ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಸಾಕ್ಷಿಯಾಗಿ ತೆಗೆದಿದ್ದ ನಮ್ಮ ಮನೆ ಬೀಗ! ಏನು ಸ್ಪಷ್ಟತೆ! ಇದಾದರೂ ದಕ್ಕಿತೆಂದು ಮಂಜುಳಳ ಕೈಗೆ ಕೊಟ್ಟೆ.

ಅವಳು ಕನ್ನಡಕ ಏರಿಸಿ ನೋಡಿದಳು.

"ರೀ, ಬೀಗ ಹಾಕೇ ಇಲ್ವಲ್ರೀ! ಸುಮ್ನೆ ನೇತಾಡ್ತಿದೆ."