ಚಿಕ್ಕತ್ತೆ ಕೇಳಿದ ಕಿಟಕಿ

ನಮ್ಮ ಚಿಕ್ಕತ್ತೆ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಕಿಟಕಿಯನ್ನು. ಸುಳ್ಳೆನಿಸಿದರೆ ಒಮ್ಮೆ ಊಟಕ್ಕೆ ಕರೆದು ನೋಡಿ! ಚಪ್ಪಲಿ ಬಿಟ್ಟವಳೇ ನೇರ ಕಿಟಕಿಯ ಬಳಿ ಹೋಗಿ, ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಗಾಳಿಗೆ ಬಿಡುತ್ತಾಳೆ. ಎಳೆ ತೇಲಿದರೆ ಕೂತು ಕಾಫಿ ಕುಡಿಯುತ್ತಾಳೆ. ನೆಟ್ಟಗೆ ನೆಲಕ್ಕೆ ಬಿದ್ದರೆ ಲೋಟ ಹಿಡಿದು ವರಾಂಡಕ್ಕೆ ನಡೆಯುತ್ತಾಳೆ. ರಾಯದುರ್ಗದ ಡಾಕ್ಟರೊಬ್ಬರಿಗೆ, "ನಾಡಿ ಎಲ್ಲೂ ಓಡಿ ಹೋಗಂಗಿಲ್ರಿ, ಮೊದ್ಲು ಆ ಕಿಟಕಿ ತೆಗೀರಿ" ಎಂದವಳೂ ಇವಳೇ. ಜ್ವರ ಬಂದದ್ದು ನನಗೆ.

ಇವಳು ನಮ್ಮ ಯಜಮಾನರ ಚಿಕ್ಕಮ್ಮ, ನಮ್ಮ ಜೊತೆಗೇ ಇದ್ದಾಳೆ. ಹುಟ್ಟಿದ್ದು ಬೆಳುಗುಪ್ಪದ ಹತ್ತಿರ, ಕುರಿ ಸಾಕುವ ಮನೆಯಲ್ಲಿ. ಅಲ್ಲಿ ಕಂಬಳಿಗೆ ಬಣ್ಣ ನೋಡಿ ಉಣ್ಣೆ ಬೇರೆ ಮಾಡುವಾಗ ಹೆಂಗಸರು ಬೆಳಿಗ್ಗೆಯೇ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂರುತ್ತಾರೆ. ನಮಗೆ ಕಪ್ಪು ಎಂದರೆ ಕಪ್ಪು. ಇವಳಿಗೆ ಅದರೊಳಗೆ ಏಳು ಬಗೆ. ಮದುವೆಯಾದ ಮೇಲೆ ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೋಗಿ, ಹತ್ತಾರು ವರ್ಷ ದುಡಿದು ರಾಯದುರ್ಗಕ್ಕೆ ಬಂದಾಗ ಆ ಕಣ್ಣೇ ಅವಳಿಗೆ ಅಲ್ಲಿನ ಜೀನ್ಸ್ ಯೂನಿಟ್ಟಿನಲ್ಲೊಂದು ಕುರ್ಚಿ ಕೊಡಿಸಿತು. ಒಂದು ಪ್ಯಾಂಟಿನ ಎರಡೂ ಕಾಲು ಒಂದೇ ನೀಲಿಯೇ ಎಂದು ನೋಡುವ ಕೆಲಸ. ನಗಬೇಡಿ. ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ ಇರುವ ಪ್ಯಾಂಟನ್ನು ನೀವು ಕೊಳ್ಳುತ್ತೀರಾ?

ಆಮೇಲೆ ಅವರ ಯೂನಿಟ್ಟು ಹೊಸ 'ಹಸಿರು ಕಟ್ಟಡ'ಕ್ಕೆ ಹೋಯಿತು. ಕರೆಂಟು ಉಳಿಸುವ ಕಟ್ಟಡವಂತೆ. ಕಿಟಕಿಗಳಿಗೆ ಕಪ್ಪು ಗಾಜು, ಗಾಜಿಗೆ ಹಿಡಿಕೆಯೇ ಇಲ್ಲ. ಯಾರೂ ಅಲ್ಲಾಡದಿದ್ದರೆ ಲೈಟು ತಾನಾಗಿಯೇ ಆರುತ್ತದೆ. ಚಿಕ್ಕತ್ತೆಯ ಕೆಲಸವೋ, ಅಲ್ಲಾಡದೆ ಬಟ್ಟೆ ನೋಡುವುದು! ಐದೈದು ನಿಮಿಷಕ್ಕೆ ಕತ್ತಲು, ಇವಳು ಎದ್ದು ಕೈ ಬೀಸುವುದು. ಮೂರನೇ ದಿನ ಏಸಿಯ ಬಾಯಿಗೆ ಜೀನ್ಸಿನ ಚಿಂದಿಯೊಂದನ್ನು ಕಟ್ಟಿದಳು. ಚಿಂದಿ ದಿನವಿಡೀ ಕುಣಿಯಿತು, ಲೈಟು ದಿನವಿಡೀ ಉರಿಯಿತು.

"ಏಮ್ಮಾ, ಇದನ್ನ ಯಾರು ಕಟ್ಟಿದ್ದು?" ಎಂದರಂತೆ ಮ್ಯಾನೇಜರು.

"ನಾನ ಕಟ್ಟೀನ್ರಿ. ನಾ ಇನ್ನೂ ಬದುಕೀನಿ ಅಂತ ನಿಮ್ಮ ಲೈಟಿಗೆ ಗೊತ್ತಾಗ್ಲಿ ಅಂತ."

ನಗು ಅಲ್ಲಿಗೆ ನಿಂತಿತು. ಕಾಲಿಗೆ ಕಾಲು ಬಣ್ಣ ಹೊಂದಿಲ್ಲವೆಂದು ಒಂದು ಲಾಟ್ ಪ್ಯಾಂಟು ವಾಪಸ್ಸು ಬಂತು. ಅದರ ಹಿಂದೆಯೇ ಇನ್ನೊಂದು. "ನಿಂಗೆ ವಯಸ್ಸಾಯ್ತು, ಕಣ್ಣು ಹೋಯ್ತು. ಮೂರನೇದೂ ಬಂದ್ರೆ ಈ ಕುರ್ಚಿ ಬಿಟ್ಟು ದಾರ ಕತ್ತರಿಸೋಕೆ ಕೂತ್ಕೊಮ್ಮಾ" ಎಂದುಬಿಟ್ಟರು ಮ್ಯಾನೇಜರು. ಅಂದು ಮನೆಗೆ ಬಂದ ಚಿಕ್ಕತ್ತೆ ಕಿಟಕಿಯತ್ತ ತಿರುಗಿಯೂ ನೋಡಲಿಲ್ಲ. ನನಗೆ ಹೆದರಿಕೆಯಾಯಿತು.

ಅದೇ ವಾರ ಆಫೀಸಿನಿಂದ ಒಂದು ಇಂಗ್ಲಿಷ್ ಫಾರಂ ಬಂತು. ಒಳಗಿನ ತಂಪು, ಗಾಳಿ, ಸದ್ದು, ಬೆಳಕು ನಿಮಗೆ ಹೇಗಿದ್ದರೆ ಇಷ್ಟ? ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಮ್ಮ ಮನೆಯ ಫಾರಂಗಳಿಗೆಲ್ಲ ನಾನೇ ಗುಮಾಸ್ತೆ. ಪೆನ್ನು ಹಿಡಿದು ಕೂತೆ.

"ತಂಪು ಹೇಗಿದೆ ಅತ್ತೆ?"

"ಹೆಪ್ಪು ಹಾಕಿದ ಹಾಲು ಮೊಸರಾಗಂಗಿಲ್ಲ, ಅಷ್ಟೈತಿ ಅಂತ ಬರಿ."

"ಗಾಳಿ?"

"ಅದು ಗಾಳಿ ಅಲ್ಲವ್ವ, ಫ್ರಿಜ್ಜಿನ ಉಸುರು."

"ಸದ್ದು?"

"ಸದ್ದಿದ್ರ ಇರ್ಲಿ. ಮಿಷನ್ ಸದ್ದಿಲ್ಲಂದ್ರ ನನಗ ನಿದ್ದಿ ಬರ್ತೈತಿ."

"ಬೆಳಕು?"

ಫಾರಂ ಮೇಲೆ ಬೆರಳಿಟ್ಟಳು. "ಹೋಗಿದ್ದು ಕಣ್ಣಲ್ಲ, ಬೆಳಕು ಅಂತ ಬರಿ. ದಪ್ಪಗ ಬರಿ."

ಫಾರಂನಲ್ಲಿದ್ದದ್ದು ಟೀಕು ಹಾಕುವ ಪುಟ್ಟ ಚೌಕ. ಜಾಗ ಸಾಲದೆ, ಸಿಸ್ಟರುಗಳು ಕಲಿಸಿದ ದುಂಡು ಅಕ್ಷರದಲ್ಲಿ ಹಾಳೆಯ ಹಿಂಬದಿಯನ್ನೂ ತುಂಬಿಸಿದೆ.

ಅದನ್ನು ಓದಿ ಮ್ಯಾನೇಜರು ಚಿಕ್ಕತ್ತೆಯನ್ನು ಕರೆಸಿದರು. ಅವಳು ವಾಪಸ್ಸು ಬಂದ ಪ್ಯಾಂಟೊಂದನ್ನು ಅವರ ಮೇಜಿನ ಮೇಲೆ ಹಾಸಿ, "ನಿಮ್ಮವು ಹರೇದ ಕಣ್ಣು. ಎರಡೂ ಕಾಲು ಒಂದ ನೀಲಿ ಏನು, ಹೇಳ್ರಿ" ಎಂದಳಂತೆ.

"ಒಂದೇ."

"ಹಂಗಾರ ಹೊರಗ ಬರ್ರಿ."

ಪ್ಯಾಂಟು ಹೆಗಲಿಗೆ ಹಾಕಿಕೊಂಡು ಚಿಕ್ಕತ್ತೆ ಮುಂದೆ, ಮ್ಯಾನೇಜರು ಹಿಂದೆ, ಅವರ ಹಿಂದೆ ಇಡೀ ಆಫೀಸು. ಅಂಗಳದಲ್ಲಿ ಅವರನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಪ್ಯಾಂಟನ್ನು ಹರವಿ ಹಿಡಿದಳು. ಒಂದು ಕಾಲು ನೇರಳೆಯತ್ತ ವಾಲಿತ್ತು, ಇನ್ನೊಂದು ಹಸಿರಿನತ್ತ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆದರೂ ಕಾಲುಗಳು ರಾಜಿಯಾಗಲಿಲ್ಲ.

"ಕಣ್ಣು ಯಾರ್ದು ಹೋಗೈತ್ರಿ?" ಎಂದು ಕೇಳಿದಳಂತೆ, ಬಹಳ ಮೆತ್ತಗೆ.

ಹದಿನೈದು ದಿನದಲ್ಲಿ ಅವಳ ಮೇಜಿನ ಪಕ್ಕದ ಗಾಜು ಕಿತ್ತು, ಹಿಡಿಕೆಯಿರುವ ನಿಜವಾದ ಕಿಟಕಿ ಇಟ್ಟರು. ಮೂರನೇ ಲಾಟ್ ವಾಪಸ್ಸು ಬರಲೇ ಇಲ್ಲ. ಕಿಟಕಿ ಇಟ್ಟ ದಿನ ಸಂಜೆ ಚಿಕ್ಕತ್ತೆ ನಮ್ಮ ಬೀದಿಯಲ್ಲಿ ನಡೆದುಬಂದದ್ದನ್ನು ನೀವು ನೋಡಬೇಕಿತ್ತು, ರಾಯದುರ್ಗದ ಕೋಟೆಯನ್ನು ಒಬ್ಬಳೇ ಗೆದ್ದು ಇಳಿದವಳ ಹಾಗೆ!

ಕಿಟಕಿ ತೋರಿಸಲು ನನ್ನನ್ನೂ ಕರೆದೊಯ್ದಳು. ಚೆನ್ನಾಗಿ ಹೊಗಳಬೇಕೆಂದುಕೊಂಡು ಅದರ ಮುಂದೆ ನಿಂತೆ. ಚಿಕ್ಕತ್ತೆ ಕಿಟಕಿಯನ್ನು ಮರೆತು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಮುಖ ಇಷ್ಟು ಬಿಳಿಚ್ಕೊಂಡೈತಲ್ಲ. ಯಾವಾಗಿಂದ?"

"ಏನಿಲ್ಲ ಅತ್ತೆ."

"ಅಡಿಗಿಮನ್ಯಾಗ ದಿನಾ ನೋಡ್ತಿದ್ನಿ ನಿನ್ನ. ಆ ಲೈಟಿನ್ಯಾಗ ಕಾಣ್ಲೇ ಇಲ್ಲ ನೋಡವ್ವ."

ತನ್ನ ಕುರ್ಚಿಯನ್ನು ಎಳೆದು ನನ್ನನ್ನು ಕೂರಿಸಿದಳು. ನೋಡಬೇಕಾದ ಹೊಸ ಲಾಟ್ ಬಂದಾಗಲೂ ಏಳಗೊಡಲಿಲ್ಲ. ನನ್ನ ಪಕ್ಕದಲ್ಲಿ ನಿಂತುಕೊಂಡೇ ಪ್ಯಾಂಟಿನ ಒಂದೊಂದು ಕಾಲನ್ನೂ ಬೆಳಕಿಗೆ ಹಿಡಿದು ನೋಡಿದಳು.