ಪೇಪರಿನಲ್ಲಿಲ್ಲದ ಜಗಳ

ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವನಿಗೆ ಒಂದು ಒಳ್ಳೆಯ ಕಾರಣ ಸಿಗುವವರೆಗೆ ಊಟ ರುಚಿಸುವುದಿಲ್ಲ. ನನಗೆ ಬೇಗ ಸಿಕ್ಕಿತು. ಆ ವರ್ಷಗಳಲ್ಲಿ ಹೊಸಪೇಟೆ-ಸಂಡೂರು ರಸ್ತೆಯಲ್ಲಿ ಯಾರಿಗೆ ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ ಒಂದು ಕಾರಣ ಸಿದ್ಧವಾಗಿ ನಿಂತಿರುತ್ತಿತ್ತು: ಅದಿರು ಲಾರಿಗಳ ಜಾಮು. ಮದುವೆ ಊಟಕ್ಕೆ ತಡವಾಗಿ ಬಂದವರು, ಶಾಲೆಗೆ ಬಾರದ ಮೇಷ್ಟ್ರು, ಮಾವನ ಮನೆಗೆ ಹೋಗಲು ಮನಸ್ಸಿಲ್ಲದ ಅಳಿಯಂದಿರು, ಎಲ್ಲರೂ ಜಾಮಿನ ಹೆಸರು ಹೇಳಿ ಪಾರಾಗುತ್ತಿದ್ದರು. ಕೇಳಿದವರೂ ಮರುಮಾತಿಲ್ಲದೆ ತಲೆಯಾಡಿಸುತ್ತಿದ್ದರು, ನಾಳೆ ಅವರಿಗೂ ಅದೇ ಬೇಕಾಗುತ್ತದಲ್ಲ. ಹಾಗಾಗಿ ನಾನೂ ಹೇಳಿದೆ. ಪರೀಕ್ಷೆಯ ಹಿಂದಿನ ದಿನ ಸಂಡೂರಿನಿಂದ ಬರುವಾಗ ಜಾಮಿನಲ್ಲಿ ಸಿಕ್ಕಿಕೊಂಡೆ, ರೈಲು ತಪ್ಪಿತು, ಪರೀಕ್ಷೆ ಇದ್ದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ನಿಂತೇ ಹೋದೆ, ಮರುದಿನ ತಲೆ ಓಡಲಿಲ್ಲ. ಈ ಕತೆಯನ್ನು ಏಳೆಂಟು ಸಲ ಹೇಳುವಷ್ಟರಲ್ಲಿ ನನ್ನ ಮೀನಖಂಡ ನಿಜವಾಗಿಯೂ ನೋಯತೊಡಗಿತು.

ನನ್ನ ಹೆಂಡತಿ ಗಿರಿಜಾ ಇದನ್ನು ನಾಲ್ಕು ತಿಂಗಳು ಸುಮ್ಮನೆ ಕೇಳಿದಳು. ಒಂದು ದಿನ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆಯೇ ಹೇಳಿದಳು: "ರೈಲು ಎಲ್ಲಿ ತಪ್ಪಿತ್ರಿ ನಿಮಗ? ಗದಗ ಸ್ಟೇಷನ್ನಿಂದ ಫೋನ್ ಮಾಡಿದ್ರಿ. ಕಿಟಕಿ ಮಗ್ಗಲ ಸೀಟು ಸಿಕ್ಕೈತಿ, ಗಾಳಿ ಭಾಳ ಚೊಲೋ ಬರ್ತೈತಿ ಅಂದ್ರಿ."

ನಾನು ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿದವನು. ದೇವರು, ದೆವ್ವ, ಜಾತಕ, ನಾಯಕರ ಭಾಷಣ, ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದು ಎಂದು ಅಲ್ಲಿ ಕಲಿತು ಬಂದು, ಊರಲ್ಲಿ ಹಲವರ ಊಟದ ಹೊತ್ತು ಹಾಳು ಮಾಡಿದವನು. ಇಂಥವನು ಅನುಮಾನಿಸದೆ ಬಿಟ್ಟಿದ್ದು ಒಂದೇ ಒಂದನ್ನು, ನನ್ನ ಸ್ವಂತ ನೆನಪನ್ನು. ಅಂದು ರೊಟ್ಟಿಯ ಸದ್ದಿನ ನಡುವೆ ಅದೂ ಹೋಯಿತು. ಕಣ್ಣು ಮುಚ್ಚಿ ನೋಡಿದರೆ ನಾನು ಬಸ್ಸಿನಲ್ಲಿ ನಿಂತಿರುವುದೂ ಕಾಣುತ್ತದೆ, ರೈಲಿನ ಕಿಟಕಿಗೆ ಮೊಣಕೈ ಊರಿ ಕೂತಿರುವುದೂ ಕಾಣುತ್ತದೆ. ಎರಡರಲ್ಲೂ ಒಂದೇ ಅಂಗಿ.

ತತ್ವಶಾಸ್ತ್ರ ಓದಿದವನು ಬಿಸಿನೆಸ್ ಶಾಲೆಯ ಪ್ರವೇಶ ಪರೀಕ್ಷೆ ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ಸಂಡೂರು ರಸ್ತೆಯ ಒಂದು ಅದಿರು ಯಾರ್ಡಿನಲ್ಲಿ ನನ್ನ ಕೆಲಸ. ಲೋಡಿಗೆ ಬರುವ ಲಾರಿಗಳನ್ನು ಸಾಲಿಗೆ ಹಚ್ಚುವುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ; ಕೆಂಪು ಧೂಳು ಬಂದು ಅಳಿಸುತ್ತದೆ; ಮತ್ತೆ ಬರೆಯುತ್ತೇನೆ. ಹೀಗಿರುವಾಗ ಪುಣೆಯಿಂದ ಎಂ.ಬಿ.ಎ. ಮುಗಿಸಿದ ಒಬ್ಬ ತರುಣ ಮ್ಯಾನೇಜರಾಗಿ ಬಂದ. ಬಂದ ಹದಿನೈದು ದಿನಕ್ಕೆ ನನ್ನ ಕರಿಹಲಗೆಯಲ್ಲಿದ್ದುದನ್ನೇ ಬಿಳಿ ಹಲಗೆಗೆ ಏರಿಸಿ ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟ. ಅವನಿಗೆ ಏಸಿ ಕೋಣೆ, ನನಗೆ ತಗಡಿನ ಶೆಡ್ಡು. ಒಳ್ಳೆಯ ಹುಡುಗ, ಸಿಟ್ಟು ಬರುವಂಥವನಲ್ಲ. ಅದಕ್ಕೇ ಸಿಟ್ಟು ಬಂತು. ನಾನೂ ಅರ್ಜಿ ಹಾಕಿದೆ.

ಬಂದದ್ದು ಅರವತ್ತೆಂಟು ಪರ್ಸೆಂಟೈಲು. ನೂರು ಜನ ಬರೆದರೆ ಅರವತ್ತೆಂಟು ಮಂದಿ ನನ್ನ ಹಿಂದೆ, ಉಳಿದವರು ಮುಂದೆ ಎಂದು ಅದರ ಅರ್ಥ. ಒಳ್ಳೆಯ ಶಾಲೆಗಳು ಮುಂದಿನ ಒಬ್ಬಿಬ್ಬರನ್ನು ಬಿಟ್ಟು ಮಿಕ್ಕವರ ಮುಖ ನೋಡುವುದಿಲ್ಲ. ಯಾರ್ಡಿನ ಲಾರಿ ಡ್ರೈವರುಗಳಿಗೆ ಇದನ್ನು ವಿವರಿಸಿದಾಗ ಅವರಿಗೆ ಭಾರಿ ಸಂತೋಷವಾಯಿತು. ಮುಂದೆ ಮೂವತ್ತೆರಡೇ ಗಾಡಿ ಇದ್ದರೆ ಮಧ್ಯಾಹ್ನದೊಳಗೆ ಲೋಡ್ ಆಗುತ್ತದೆ, ಸರ್ ಸುಮ್ಮನೆ ಮುಖ ಸಣ್ಣ ಮಾಡಿಕೊಂಡಿದ್ದಾರೆ ಎಂದರು. ಅವರು ತಿಂಗಳುಗಟ್ಟಲೆ ಸಾಲಿನಲ್ಲಿ ನಿಂತು ಪಳಗಿದವರು.

ಕಂಪನಿ ನನಗೆ ಯಾರ್ಡ್ ಇನ್‌ಚಾರ್ಜ್ ಹುದ್ದೆ ಕೊಡುವುದಾಗಿ ಹೇಳಿತ್ತು. ನಾನು ಫಲಿತಾಂಶದ ನೆವ ಹೇಳಿ ಮುಂದೂಡಿದ್ದೆ. ಗಿರಿಜಾ ಒಂದು ಒಪ್ಪಂದ ಮುಂದಿಟ್ಟಳು: ಇನ್ನೊಂದೇ ಸಲ ಬರೆಯಬೇಕು. ಸೀಟು ಸಿಕ್ಕರೆ ಅವಳು ಟೀಚರ್ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಯಾವ ಊರಿಗಾದರೂ ಬರುತ್ತಾಳೆ. ಸಿಗದಿದ್ದರೆ ನಾನು ಪುಸ್ತಕಗಳನ್ನೆಲ್ಲ ಮನೆಯಿಂದ ಹೊರಹಾಕಿ ಇನ್‌ಚಾರ್ಜ್ ಆಗಿ, ಈ ಮಾತನ್ನು ಜನ್ಮದಲ್ಲಿ ಎತ್ತಬಾರದು. ಇಪ್ಪತ್ತೊಂಬತ್ತು ವರ್ಷದವನಿಗೆ ಇದು ನ್ಯಾಯವಾಗಿಯೇ ಕಂಡಿತು. ಆದರೆ ಒಪ್ಪಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ಮನೆಯಲ್ಲಿ ಏಕಾಗ್ರತೆ ಬರುವುದಿಲ್ಲವೆಂದು ಭಾನುವಾರಗಳಲ್ಲಿ ಹಂಪಿ ಬಜಾರಿಗೆ ಹೋಗಿ ಒಂದು ಕಲ್ಲುಮಂಟಪದ ನೆರಳಿನಲ್ಲಿ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದೆ. ಅಲ್ಲೊಬ್ಬ ಗೈಡು ಬೆಳಿಗ್ಗೆಯ ಗುಂಪಿಗೆ ಆ ಮಂಟಪ ಮುತ್ತಿನ ಅಂಗಡಿ ಎಂದು ಹೇಳಿದ, ಮಧ್ಯಾಹ್ನದ ಗುಂಪಿಗೆ ಕುದುರೆ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಜಾಗ ಎಂದ. ಎರಡನ್ನೂ ಹೇಳುವಾಗ ಅದೇ ಕಂಬವನ್ನು ಅದೇ ಪ್ರೀತಿಯಿಂದ ತಟ್ಟಿದ. ಆ ದಿನ ನಾನು ಕಲಿತ ನಲವತ್ತು ಪದಗಳಲ್ಲಿ ಒಂದೂ ನೆನಪಿಲ್ಲ. ಗೈಡಿನ ಕೈ ಮಾತ್ರ ನೆನಪಿದೆ. ನನ್ನ ತಲೆಯೊಳಗೂ ಅಂಥವನೊಬ್ಬ ಕೆಲಸಕ್ಕಿದ್ದಾನೆ ಎಂಬ ಗುಮಾನಿ ಅಂದಿನಿಂದ ಶುರುವಾಯಿತು.

ಇಂಥ ಸ್ಥಿತಿಯಲ್ಲಿ ಗಂಗಮ್ಮತ್ತೆ ಬಂದಳು. ನನ್ನ ಸೋದರತ್ತೆ, ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಕಣ್ಣಿನ ಪೊರೆ ತೆಗೆಸಲು ಹೊಸಪೇಟೆಗೆ ಬಂದವಳು ನಮ್ಮ ಮನೆಯಲ್ಲಿಯೇ ಉಳಿದಳು. ನಮ್ಮ ಬಳಗದಲ್ಲಿ ಯಾವ ಮದುವೆಯಾದರೂ ಪಂಕ್ತಿಗೆ ಕೂರಿಸುವ ಉಸ್ತುವಾರಿ ಅವಳದೇ. ಯಾರ ಪಕ್ಕ ಯಾರು ಕೂರಬೇಕು, ಯಾರ ಎದುರಿಗೆ ಯಾರು ಬೀಳಬಾರದು, ಇದನ್ನು ಅವಳು ಬಾಗಿಲಲ್ಲಿ ನಿಂತು ಕಣ್ಸನ್ನೆಯಲ್ಲೇ ನಡೆಸುತ್ತಾಳೆ. ಈಗ ಕಪ್ಪು ಕನ್ನಡಕ ಹಾಕಿಕೊಂಡು, ಟಿವಿಯಿಲ್ಲ, ಅಡುಗೆಯಿಲ್ಲ, ಬೇಸರದಿಂದ ಕಿಟಕಿಯ ಬಳಿ ಕೂತಿದ್ದಳು. ನಾನು ಏನೋ ಓದಿಕೊಳ್ಳುತ್ತಿರುವುದು ಕಿವಿಗೆ ಬಿದ್ದು, ಗಟ್ಟಿಯಾಗಿ ಓದು ಎಂದಳು.

ಅದೊಂದು ಲೆಕ್ಕ. ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಜನ ಒಂದು ಸಾಲಿನಲ್ಲಿ ಕೂತಿದ್ದಾರೆ. ಎ ಬಿಯ ಪಕ್ಕದಲ್ಲಿಲ್ಲ. ಸಿ ಒಂದು ತುದಿಯಲ್ಲಿದ್ದಾನೆ. ಡಿಯ ಬಲಕ್ಕೆ ಇ ಇದ್ದಾನೆ. ಹೀಗೇ ಇನ್ನೂ ಮೂರ್ನಾಲ್ಕು ಷರತ್ತು. ಹಾಗಾದರೆ ಎಫ್ ಎಲ್ಲಿ? ಇಂಥವು ನನಗೆ ಹೋದ ಸಲ ಒಂದೂ ಬಗೆಹರಿದಿರಲಿಲ್ಲ. ನಾಲ್ಕನೆಯ ಸಾಲಿಗೆ ಹೋಗುವಷ್ಟರಲ್ಲಿ ಮೊದಲನೆಯದು ಮರೆಯುತ್ತಿತ್ತು. ಅತ್ತೆ ಪೂರ್ತಿ ಕೇಳಿದಳು.

"ಎ ಯಾಕ ಬಿ ಮಗ್ಗಲಕ ಕುಂದ್ರೂದಿಲ್ಲ?"

"ಕಾರಣ ಕೊಟ್ಟಿಲ್ಲ ಅತ್ತಿ."

"ಕಾರಣಿಲ್ದ ಯಾರು ಮಗ್ಗಲ ಬಿಟ್ಟು ಕುಂದ್ರತಾರ? ಬರದಾವ ಅರ್ಧಾ ಮುಚ್ಚಿಟ್ಟಾನ."

ಆಮೇಲೆ ಅವಳೇ ಕಾರಣಗಳನ್ನು ತುಂಬಿದಳು. ಎ ಅಂದರೆ ಗಿರಣಿಯ ಹಿಂದಿನ ಮನೆಯ ಸಿದ್ದಮ್ಮ, ಬಿ ಅಂದರೆ ಅವಳ ಓರಗಿತ್ತಿ. ಕೈಬಳೆ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ಸಿಗೆ ಮೊಣಕಾಲು ನೋವು, ಗೋಡೆಗೆ ಒರಗಬೇಕು, ಅದಕ್ಕೆ ತುದಿ. ಡಿಗೆ ಎಡಗಿವಿ ಕೇಳುವುದಿಲ್ಲ, ಅದಕ್ಕೇ ಇ ಬಲಕ್ಕೆ ಕೂತಿದ್ದಾಳೆ, ಅವಳಿಗೆ ಮಾತು ಬೇಕು. ಎಫ್ ಯಾರ ತಂಟೆಗೂ ಹೋಗದ ಹೊಸ ಸೊಸೆ, ಮಿಕ್ಕ ಜಾಗದಲ್ಲಿ ಕೂರುತ್ತಾಳೆ. ನಾನು ಹಿಂದಿನ ಪುಟ ತಿರುಗಿಸಿ ಉತ್ತರ ನೋಡಿದೆ. ಸರಿಯಾಗಿತ್ತು.

ಆ ಮೇಲೆ ದಿನಾ ಸಂಜೆ ಅದೇ ನಡೆಯಿತು. ನಾನು ಓದುವುದು, ಅತ್ತೆ ಹೆಸರಿಡುವುದು, ಗಿರಿಜಾ ಒಳಗಿಂದ ಬಂದು ತಿದ್ದುವುದು. ಎ ಬಿ ಸಿಗಳನ್ನು ಹಿಡಿದಿಡಲಾರದ ನನ್ನ ತಲೆ ಸಿದ್ದಮ್ಮನ ಬಳೆಯನ್ನು ಬಿಡದೆ ಹಿಡಿದುಕೊಂಡಿತು. ಮಾದರಿ ಪರೀಕ್ಷೆಗಳಲ್ಲಿ ಅಂಕ ಏರಿತು. ನಾನು ಗೆಲುವಾಗಿರುವುದನ್ನು ಕಂಡು ಅತ್ತೆ ಒಮ್ಮೆ ಕೇಳಿದಳು: "ಲೇ ಪಂಪಾಪತಿ, ದಿನಾ ಇನ್ನೂರು ಲಾರಿ ಕುಂದ್ರಸ್ತಿ, ಈ ಆರು ಮಂದಿ ಕುಂದ್ರಸಾಕ ಬೇರೆ ಊರಿಗಿ ಹೋಗಿ ಕಲೀಬೇಕೇನು?" ನಾನು ನಕ್ಕು ಪುಟ ತಿರುಗಿಸಿದೆ. ತತ್ವಶಾಸ್ತ್ರದಲ್ಲಿ ಇಂಥ ಪ್ರಶ್ನೆಗೆ ಉತ್ತರವಿದೆ, ಅಂದು ನೆನಪಾಗಲಿಲ್ಲ.

ಎರಡನೆಯ ಸಲ ಯಾವ ಕಾರಣಕ್ಕೂ ಎಡೆ ಇರಬಾರದೆಂದು ಎರಡು ದಿನ ಮೊದಲೇ ರಜೆ ಹಾಕಿದೆ. ಹೊಸಪೇಟೆಯಲ್ಲೇ ರೈಲು ಹತ್ತಿದೆ. ಸಂಡೂರು ರಸ್ತೆಯ ಕಡೆ ತಲೆ ಹಾಕಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದನ್ನು ಗಿರಿಜಾಳಿಗೆ ಫೋನಿನಲ್ಲಿ ನಾನೇ ತಿಳಿಸಿದೆ, ಸಾಕ್ಷಿಗಿರಲಿ ಎಂದು.

ಪೇಪರಿನಲ್ಲಿ ಬಂದದ್ದು ದುಂಡು ಮೇಜು, ಎಂಟು ಜನ, ನಾಲ್ಕು ಪ್ರಶ್ನೆ. ನಮ್ಮವರು ಯಾರೂ ದುಂಡು ಮೇಜಿಗೆ ಕೂತು ಉಂಡವರಲ್ಲ, ಆದರೂ ಕೂರಿಸಿದೆ. ಅತ್ತೆ ಕೊಟ್ಟಿದ್ದ ಹೆಸರುಗಳು ಆರಕ್ಕೆ ಮುಗಿದವು. ಉಳಿದ ಇಬ್ಬರಿಗೆ ನನ್ನ ನೆನಪಿನಿಂದಲೇ ಹೆಸರು ತೆಗೆದೆ: ಕೊಟ್ರಪ್ಪ ಮಾವ ಮತ್ತು ಯರ್ರಿಸ್ವಾಮಿ ಕಾಕಾ. ಕಾಲುವೆ ನೀರಿನ ಸರದಿಗಾಗಿ ಇಬ್ಬರೂ ಮಾತು ಬಿಟ್ಟಿದ್ದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೊತ್ತು. ಹಾಗಾಗಿ ಅವರನ್ನು ದೂರ ದೂರ ಕೂರಿಸಿದೆ. ಲೆಕ್ಕ ಕೂಡಲಿಲ್ಲ. ಸಿದ್ದಮ್ಮನನ್ನು ಎಬ್ಬಿಸಿ ಆಚೆ ಕೂರಿಸಿದೆ. ಮೊಣಕಾಲು ನೋವಿನವರನ್ನು ಎರಡು ಸಲ ಎಬ್ಬಿಸಿದೆ. ಹೊಸ ಸೊಸೆಯನ್ನು ನಿಲ್ಲಿಸಿಯೂ ನೋಡಿದೆ. ಇಪ್ಪತ್ತು ನಿಮಿಷ ಆ ಎಂಟು ಜನ ನನ್ನ ಮುಂದೆ ಎದ್ದು ಕೂತು ಮಾಡಿದರು, ಯಾರಿಗೂ ಎಲೆ ಬೀಳಲಿಲ್ಲ. ಕೊನೆಗೆ ಮೇಲ್ವಿಚಾರಕರು ಹತ್ತು ನಿಮಿಷ ಉಳಿದಿದೆ ಎಂದಾಗ ಪ್ರಶ್ನೆಯನ್ನು ಮತ್ತೆ ಮೊದಲಿಂದ ಓದಿದೆ. ಆ ಇಬ್ಬರು ಪಕ್ಕ ಪಕ್ಕ ಕೂರಬಾರದು ಎಂದು ಅಲ್ಲಿ ಎಲ್ಲಿಯೂ ಇರಲಿಲ್ಲ. ಅಷ್ಟು ಹೊತ್ತಿಗೆ ಮುಂದಿನ ಪುಟಗಳ ಹದಿಮೂರು ಪ್ರಶ್ನೆ ನೋಡದೆಯೇ ಉಳಿದಿದ್ದವು.

ಮನೆಗೆ ಬಂದು ನಡೆದದ್ದು ಹೇಳಿದೆ. ಅತ್ತೆಯ ಕಪ್ಪು ಕನ್ನಡಕ ಆಗಲೇ ತೆಗೆದಾಗಿತ್ತು. ಹೊಸ ಕಣ್ಣುಗಳಿಂದ ನನ್ನನ್ನು ನೋಡಿದಳು.

"ಅವರಿಬ್ಬರೂ ಒಂದಾಗಿ ಎರಡು ವರ್ಷಾತಲೋ. ನಿನ್ನ ಮನಿ ಗೃಹಪ್ರವೇಶಕ್ಕ ಮಗ್ಗಲ ಮಗ್ಗಲಕ ಕುಂತು ಉಂಡ್ರು. ಹುಗ್ಗಿ ನೀನ ಬಡಿಸಿದಿ."

"ನಾನ?"

"ನೀನ. ಯರ್ರಿಸ್ವಾಮಿಗೆ ಎರಡ ಸೌಟು ಹೆಚ್ಚಿಗಿ ಹಾಕಿದಿ." ಆಮೇಲೆ ಅಂದಳು: "ಹೋಗ್ಲಿ, ಪೇಪರ್‌ದಾಗ ಇಲ್ಲದ ಜಗಳ ನೀ ಯಾಕ ಒಯ್ದಿ?"

ಗಿರಿಜಾ ಹೌದೆಂದು ತಲೆಯಾಡಿಸಿದಳು. ನಾನು ಎಷ್ಟು ತಡಕಿದರೂ ಹುಗ್ಗಿಯ ಪಾತ್ರೆಯ ಬಿಸಿ ಮಾತ್ರ ಕೈಗೆ ನೆನಪಾಯಿತು, ಎಲೆಯ ಮುಂದೆ ಕೂತವರ ಮುಖ ನೆನಪಾಗಲಿಲ್ಲ. ಜಗಳ ಮಾತ್ರ ಇಪ್ಪತ್ತು ವರ್ಷ ಹಳೆಯದು, ಮೊನ್ನೆ ಆದಂತೆ ಇತ್ತು.

ಈ ಸಲ ಎಪ್ಪತ್ತೊಂಬತ್ತು ಬಂತು. ನಾನು ಬಯಸಿದ ಶಾಲೆಗಳಿಗೆ ಅದೂ ಅರವತ್ತೆಂಟೂ ಒಂದೇ. ಗಿರಿಜಾ ಒಪ್ಪಂದವನ್ನು ನೆನಪಿಸಲಿಲ್ಲ. ಎರಡು ದಿನ ಸಾರಿಗೆ ಬೆಲ್ಲ ಸ್ವಲ್ಪ ಹೆಚ್ಚು ಹಾಕಿದಳು, ಅಷ್ಟೇ. ಮೂರನೆಯ ದಿನ ನಾನೇ ಆಫೀಸಿಗೆ ಹೋಗಿ ಇನ್‌ಚಾರ್ಜ್ ಹುದ್ದೆಗೆ ಒಪ್ಪಿಗೆ ಕೊಟ್ಟೆ. ಪುಣೆಯ ಹುಡುಗ ಕೈ ಕುಲುಕಿ, ತನಗೆ ಮೊದಲ ಸಲ ಎಪ್ಪತ್ತೆರಡು ಬಂದಿತ್ತೆಂದು ಮೆಲ್ಲಗೆ ಹೇಳಿದ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ತಿಳಿಯದು. ಪುರಾವೆ ಕೇಳುವ ಮನಸ್ಸಾಗಲಿಲ್ಲ. ಪುಸ್ತಕಗಳನ್ನು ಕಟ್ಟಿ ಹೊರಗಿಟ್ಟೆ. ಅತ್ತೆ ಕಂಪ್ಲಿಗೆ ಹೊರಡುವಾಗ ಆ ಕಟ್ಟು ಬಿಚ್ಚಿ ಸಾಲಿನ ಲೆಕ್ಕಗಳಿದ್ದ ಪುಸ್ತಕವೊಂದನ್ನು ಚೀಲಕ್ಕೆ ಹಾಕಿಕೊಂಡಳು. ಇಂಗ್ಲಿಷ್ ಬಾರದಿದ್ದರೂ ಮೊಮ್ಮಗಳು ಓದಿ ಹೇಳುತ್ತಾಳಂತೆ, ಇನ್ನೂ ಬಹಳ ಜನ ಕೂರಲು ಜಾಗವಿಲ್ಲದೆ ಅದರಲ್ಲಿ ಉಳಿದಿದ್ದಾರಂತೆ.

ಎರಡು ತಿಂಗಳ ಮೇಲೆ ಕಂಪ್ಲಿಯಲ್ಲಿ ಅತ್ತೆಯ ಮರಿಮೊಮ್ಮಗನ ತೊಟ್ಟಿಲ ಕಾರ್ಯ. ಪಂಕ್ತಿಗೆ ನಾವು ಹೋಗುತ್ತಿದ್ದಂತೆ ಅತ್ತೆ ಬಾಗಿಲಲ್ಲಿ ನಿಂತು ನನಗೊಂದು ಎಲೆ ತೋರಿಸಿದಳು. ಎಡಕ್ಕೆ ಕೊಟ್ರಪ್ಪ ಮಾವ, ಬಲಕ್ಕೆ ಯರ್ರಿಸ್ವಾಮಿ ಕಾಕಾ. ಇಬ್ಬರೂ ನನ್ನ ತಲೆಯ ಮೇಲಿಂದ ಮಾತಾಡುತ್ತಾ, ನನ್ನ ಎಲೆಯ ಮೇಲಿಂದ ಹಪ್ಪಳ ದಾಟಿಸುತ್ತಾ ಅಣ್ಣತಮ್ಮಂದಿರಂತೆ ಉಣ್ಣುತ್ತಿದ್ದರು. ನಡುವೆ ಯರ್ರಿಸ್ವಾಮಿ ಕಾಕಾ ನನ್ನ ಕಡೆ ತಿರುಗಿದರು. "ಪರೀಕ್ಷಿ ಮತ್ತೊಮ್ಮಿ ಬರದಿದ್ದಿಯಂತಲ್ಲೋ. ಏನಾತು?"

ಗಿರಿಜಾ ತುಪ್ಪದ ಗಿಂಡಿ ಹಿಡಿದು ನಮ್ಮ ಸಾಲಿಗೇ ಬರುತ್ತಿದ್ದಳು. ಅತ್ತೆ ಬಾಗಿಲಲ್ಲಿದ್ದಳು. ನಿಮ್ಮಿಬ್ಬರ ಜಗಳದಿಂದ ಹೋಯಿತು ಎನ್ನಬೇಕೆಂದು ಬಾಯಿ ತೆರೆದೆ. ಇಬ್ಬರೂ ಕೈಯಲ್ಲಿ ತುತ್ತು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಲಾರಿ ಜಾಮು ಕಾಕಾ," ಎಂದೆ.

ಇಬ್ಬರೂ ಒಟ್ಟಿಗೇ ತಲೆಯಾಡಿಸಿ, ಈ ಲಾರಿಗಳಿಂದ ಊರೇ ಹಾಳಾಯಿತೆಂದು ಮತ್ತೆ ಊಟಕ್ಕೆ ತೊಡಗಿದರು. ಗಿರಿಜಾ ಬಗ್ಗಿ ತುಪ್ಪ ಹಾಕುತ್ತಾ ನನಗಷ್ಟೇ ಕೇಳುವಂತೆ ಅಂದಳು: "ಕಿಟಕಿ ಮಗ್ಗಲ ಸೀಟಿನ್ಯಾಗ?"

ಅವಳು ಮುಂದೆ ಹೋದ ಮೇಲೆ ಮೊದಲ ತುತ್ತು ಬಾಯಿಗಿಟ್ಟು ಯೋಚಿಸಿದೆ. ಆ ದಿನ ಒಂದು ರೈಲ್ವೆ ಗೇಟಿನ ಹತ್ತಿರ ಲಾರಿಗಳ ಸಾಲೇನೋ ಕಿಟಕಿಯಿಂದ ಕಂಡಿತ್ತು, ಬಹಳ ಹೊತ್ತು ಕಂಡಿತ್ತು, ಅದರಲ್ಲಿ ನನಗೆ ಸಂಶಯವೇ ಇಲ್ಲ. ನಿಂತಿದ್ದದ್ದು ಅವೋ ನಮ್ಮ ರೈಲೋ ಎಂಬುದಷ್ಟೇ ಈಗ ಸ್ಪಷ್ಟವಾಗಿ ನೆನಪಾಗುತ್ತಿಲ್ಲ.